ಕಿಟಕಿಗೆ ನೇತುಹಾಕಿದ ಫೋನ್: ಸಿಮ್ಮು, ಸೆಟ್ಟು ಆರಿಸುವ ಬಗೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಇಳಿದರೆ ನನ್ನ ಸೋದರಮಾವನ ಮನೆ. ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ, ಮನೆ ತಗ್ಗಿನಲ್ಲಿ. ಜಗಲಿಯ ಕಿಟಕಿ ಸರಳಿಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿದ್ದಾರೆ. ಮಾವನ ಫೋನ್ ಇರುತ್ತಿದ್ದದ್ದು ಅದರೊಳಗೆ. ಕಾಲ್ ಬಂದರೆ ಹೊರಗೆ ತೆಗೆಯುವಂತಿಲ್ಲ. ಕವರಿನ ಮೇಲಿಂದಲೇ ಒತ್ತಿ, ಸ್ಪೀಕರ್ ಹಾಕಿ, ಕಿಟಕಿಗೆ ಮುಖ ಕೊಟ್ಟು ಮಾತಾಡಬೇಕು. ಎರಡು ಹೆಜ್ಜೆ ಒಳಗೆ ಬಂದರೆ ರೇಂಜ್ ಹೋಯಿತು. ಹೀಗಾಗಿ ಆ ಮನೆಯಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ. ಅಡಿಕೆ ರೇಟು, ಸೊಸೈಟಿ ಸಾಲ, ನೆಂಟರ ಜಗಳ, ಎಲ್ಲವೂ ಅಂಗಳಕ್ಕೆ ಕೇಳುತ್ತಿತ್ತು.

ಒಂದು ಸಲ ಮಳೆಗಾಲಕ್ಕೆ ಮುಂಚೆ ಮಾವ ಫೋನ್ ಮಾಡಿದರು. "ಅಲ್ಲ ಮಾರಾಯ, ಒಂದು ಒಳ್ಳೆ ಫೋನ್ ಹೇಳು. ಈ ಸೆಟ್ಟು ಹಾಳಾಗಿದೆ ಕಾಣ್ತದೆ, ರೇಂಜೇ ಹಿಡಿಯೋದಿಲ್ಲ" ಅಂದರು. ನಾನು ಬೆಂಗಳೂರಿನಲ್ಲಿ ಮೂರು ರಾತ್ರಿ ಕೂತು ರಿವ್ಯೂ ನೋಡಿ, ಹದಿನಾರು ಸಾವಿರದ ಒಂದು 5ಜಿ ಫೋನ್ ಆರ್ಡರ್ ಮಾಡಿ ಕಳಿಸಿದೆ. ಮುಂದಿನ ಸಲ ಊರಿಗೆ ಹೋದಾಗ ನೋಡಿದರೆ ಹೊಸ ಫೋನ್ ಅದೇ ಕವರಿನಲ್ಲಿ, ಅದೇ ಕಿಟಕಿಯಲ್ಲಿ ನೇತಾಡುತ್ತಿದೆ. "ಫೋಟೋ ಮಾತ್ರ ಚಂದ ಬರ್ತದೆ" ಅಂದರು ಮಾವ. ನನಗೆ ಬೇಜಾರಾಗಬಾರದು ಅಂತ ಹೇಳಿದ್ದು, ಗೊತ್ತಾಯಿತು.

ತಪ್ಪು ನನ್ನದೇ. ಮಾವ ಕೇಳಿದ್ದು ಫೋನಿನ ಬಗ್ಗೆ, ಇದ್ದದ್ದು ನೆಟ್‌ವರ್ಕಿನ ತೊಂದರೆ. ನಾನು ಅದನ್ನು ವಿಚಾರಿಸಲೇ ಇಲ್ಲ.

ನಾವು ಸುಮಾರು ಜನ ಮಾಡುವುದು ಹೀಗೇ ಅಲ್ವಾ? ಫೋನ್ ಕೊಳ್ಳಬೇಕಾದರೆ ತಿಂಗಳುಗಟ್ಟಲೆ ವಿಡಿಯೊ ನೋಡುತ್ತೇವೆ, ಆಫೀಸಿನಲ್ಲಿ ನಾಲ್ಕು ಜನರನ್ನು ಕೇಳುತ್ತೇವೆ, ಹಬ್ಬದ ಆಫರ್ ಬರಲಿ ಅಂತ ಕಾಯುತ್ತೇವೆ. ಸಿಮ್ ಮಾತ್ರ ಬಸ್ ಸ್ಟ್ಯಾಂಡ್ ಪಕ್ಕ ಛತ್ರಿ ಬಿಚ್ಚಿಕೊಂಡು ಕೂತ ಹುಡುಗನ ಹತ್ತಿರ ಎರಡು ನಿಮಿಷದಲ್ಲಿ ತೆಗೆದುಕೊಂಡು ಬರುತ್ತೇವೆ. ದುಡ್ಡಿನ ಲೆಕ್ಕ ಹಾಕಿದರೆ ಇದು ಪೂರಾ ತಲೆಕೆಳಗು. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದವು. ಆಗ ದಿನಕ್ಕೆ ಒಂದೂವರೆ ಜಿಬಿ ಕೊಡುವ ಜಿಯೋದ 28 ದಿನದ ಪ್ಲಾನ್ 239 ರೂಪಾಯಿಯಿಂದ 299ಕ್ಕೆ ಹೋಯಿತು. 28 ದಿನದ ಪ್ಲಾನಿಗೆ ವರ್ಷದಲ್ಲಿ 12 ಸಲ ಅಲ್ಲ, 13 ಸಲ ಕರೆನ್ಸಿ ಹಾಕಿಸಬೇಕು. 299ನ್ನು 13ರಿಂದ ಗುಣಿಸಿದರೆ 3,887 ರೂಪಾಯಿ. ಮೂರು ವರ್ಷಕ್ಕೆ 11,661. ಒಂದು ಸಾಧಾರಣ ಫೋನಿನ ಬೆಲೆಯೇ ಅಷ್ಟು. ಮನೆಯಲ್ಲಿ ನಾಲ್ಕು ಸಿಮ್ ಇದ್ದರೆ ನಾಲ್ಕು ಫೋನಿನ ದುಡ್ಡು ಕರೆನ್ಸಿಯಲ್ಲೇ ಹೋಗಿರುತ್ತದೆ. ಸಿಮ್ ಆರಿಸುವುದಕ್ಕೂ ಫೋನ್ ಆರಿಸುವಷ್ಟೇ ತಲೆ ಕೆಡಿಸಿಕೊಂಡರೆ ತಪ್ಪಿಲ್ಲ.

ಅಲೆ ಎಲ್ಲಿಯವರೆಗೆ ಹೋಗುತ್ತದೆ

ಒಂದೇ ಮನೆಯಲ್ಲಿ ಒಂದು ಸಿಮ್ ಹಿಡಿಯುತ್ತದೆ, ಇನ್ನೊಂದು ಹಿಡಿಯಲ್ಲ. ಯಾಕೆ? ಟವರ್ ದೂರ ಇರಬಹುದು, ನಡುವೆ ಗುಡ್ಡ ಇರಬಹುದು. ಇನ್ನೊಂದು ಕಾರಣ ನಮ್ಮ ಕಣ್ಣಿಗೆ ಕಾಣುವಂಥದ್ದಲ್ಲ. ಅದು ಆ ಕಂಪನಿ ಬಳಸುವ ರೇಡಿಯೊ ಅಲೆ ಎಷ್ಟು ಉದ್ದದ್ದು ಅನ್ನುವುದು.

ಗಣೇಶನ ಮೆರವಣಿಗೆಯ ಡಿಜೆ ನೆನಪಿಸಿಕೊಳ್ಳಿ. ಎರಡು ಬೀದಿ ಆಚೆ, ಬಾಗಿಲು ಕಿಟಕಿ ಮುಚ್ಚಿಕೊಂಡು ಕೂತರೂ ಡಬ್ ಡಬ್ ಅನ್ನುವುದು ಎದೆಗೆ ಬಡಿಯುತ್ತದೆ. ಹಾಡಿನ ಮಾತು ಮಾತ್ರ ಒಂದೂ ತಿಳಿಯಲ್ಲ. ದಪ್ಪ ಸದ್ದು ಗೋಡೆ ದಾಟಿ ಬರುತ್ತದೆ, ಸಣ್ಣ ಸದ್ದು ಅಲ್ಲೇ ನಿಲ್ಲುತ್ತದೆ. ಮೊಬೈಲ್ ಅಲೆಗಳ ಕತೆಯೂ ಹೆಚ್ಚುಕಡಿಮೆ ಇದೇ. ಅವುಗಳನ್ನು ಮೆಗಾಹರ್ಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ, ಸಂಖ್ಯೆ ದೊಡ್ಡದಾದಷ್ಟೂ ಅಲೆ ಗಿಡ್ಡ. 700 ಮೆಗಾಹರ್ಟ್ಸ್‌ನ ಒಂದು ಅಲೆ ಸುಮಾರು 43 ಸೆಂಟಿಮೀಟರ್ ಉದ್ದ. ಅದು ದೂರ ಹೋಗುತ್ತದೆ, ಗೋಡೆಯನ್ನೂ ಅಷ್ಟೋ ಇಷ್ಟೋ ದಾಟುತ್ತದೆ. 5ಜಿಗೆ ಜಾಸ್ತಿ ಬಳಸುವ 3300 ಮೆಗಾಹರ್ಟ್ಸ್‌ನ ಅಲೆ ಬರೀ 9 ಸೆಂಟಿಮೀಟರ್. ಅದರಲ್ಲಿ ಡೇಟಾ ಹೊಳೆಯ ಹಾಗೆ ಹರಿಯುತ್ತದೆ, ಆದರೆ ಟವರಿನಿಂದ ದೂರ ಹೋದರೆ, ಎರಡು ಗೋಡೆ ಅಡ್ಡ ಬಂದರೆ ಸುಸ್ತಾಗುತ್ತದೆ. ರಸ್ತೆಯಲ್ಲಿ 5ಜಿ ಚಿಹ್ನೆ ತೋರಿಸುತ್ತಿದ್ದ ಫೋನ್ ನಿಮ್ಮ ಬೆಡ್‌ರೂಮಿಗೆ ಬಂದ ಕೂಡಲೇ 4ಜಿ ಆಗುವುದಕ್ಕೆ ಮುಖ್ಯ ಕಾರಣ ಇದು.

ಯಾರ ಹತ್ತಿರ ಯಾವ ಅಲೆ ಇದೆ ಅನ್ನುವುದು ಹರಾಜಿನಲ್ಲಿ ತೀರ್ಮಾನ ಆಗುತ್ತದೆ. ದೇಶವನ್ನು 22 ಸರ್ಕಲ್‌ಗಳಾಗಿ ಹಂಚಿದ್ದಾರೆ, ಕರ್ನಾಟಕ ಒಂದು ಸರ್ಕಲ್. ಜಿಯೋದ 4ಜಿ ಓಡುವುದು 850, 1800 ಮತ್ತು 2300ರಲ್ಲಿ. ಏರ್‌ಟೆಲ್ 900, 1800, 2100, 2300 ಬಳಸುತ್ತದೆ. 2022ರ 5ಜಿ ಹರಾಜಿನಲ್ಲಿ 700ನ್ನು ಕೊಂಡದ್ದು ಜಿಯೋ ಒಂದೇ. ಬಿಎಸ್‌ಎನ್‌ಎಲ್‌ಗೆ ಸರ್ಕಾರವೇ 700 ಮತ್ತು 2100 ಕೊಟ್ಟಿದೆ, ಅದರ 4ಜಿ ಬರುವುದು ಅವುಗಳಲ್ಲಿ. ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಫೋನ್ ಕೊಳ್ಳುವಾಗ ಇವು ಮತ್ತೆ ಬರುತ್ತವೆ, ಅಷ್ಟು ನೆನಪಿದ್ದರೆ ಸಾಕು.

ಕಡ್ಡಿ ನಂಬಬೇಡಿ

ಆ ಸಲ ಊರಿನಲ್ಲಿದ್ದಾಗಲೇ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಮನೆಯೊಳಗೆ ನಡೆದು ಅಳತೆ ತೆಗೆದೆ.

ಫೋನಿನ ಮೂಲೆಯಲ್ಲಿ ಕಾಣುವ ಕಡ್ಡಿಗಳನ್ನು ನಂಬುವ ಹಾಗಿಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಅಂತ ಎಲ್ಲರೂ ಪಾಲಿಸುವ ಒಂದು ಅಳತೆಯೇ ಇಲ್ಲ. ಫೋನ್ ತಯಾರಿಸುವವರು ತಮಗೆ ತೋಚಿದಂತೆ ಹಾಕುತ್ತಾರೆ. ಒಂದು ಕಂಪನಿಯ ಎರಡು ಕಡ್ಡಿ ಇನ್ನೊಂದರ ಮೂರು ಕಡ್ಡಿಗೆ ಸಮ ಇರಬಹುದು. ಅಸಲಿ ಅಳತೆ ಇರುವುದು ಸೆಟ್ಟಿಂಗ್ಸ್ ಒಳಗೆ. ಆಂಡ್ರಾಯ್ಡ್ ಫೋನಿನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ಅಂತ ಹೋದರೆ ಸಿಗ್ನಲ್ ಸ್ಟ್ರೆಂಗ್ತ್ ಎದುರು ಡಿಬಿಎಂ ಲೆಕ್ಕದಲ್ಲಿ ಒಂದು ಮೈನಸ್ ಸಂಖ್ಯೆ ಕಾಣುತ್ತದೆ. ಕೆಲವು ಸೆಟ್ಟುಗಳಲ್ಲಿ ದಾರಿ ಸ್ವಲ್ಪ ಬೇರೆ ಇರುತ್ತದೆ. ಐಫೋನಿನಲ್ಲಿ *3001#12345#* ಒತ್ತಿ ಡಯಲ್ ಮಾಡಿದರೆ ಆಯಿತು.

ಮೈನಸ್ ಇರುವುದರಿಂದ ಸಂಖ್ಯೆ ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 80 ಅಂದರೆ ಬೊಂಬಾಟ್. ಮೈನಸ್ 100ರ ಆಸುಪಾಸು ಪರವಾಗಿಲ್ಲ, ಕೆಲಸ ನಡೆಯುತ್ತದೆ. ಮೈನಸ್ 110 ದಾಟಿದರೆ ಮಾತು ತುಂಡು ತುಂಡಾಗಲು ಶುರು. 120ರ ಹತ್ತಿರ ಹೋದರೆ ದೇವರೇ ಗತಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಲೆಕ್ಕದಲ್ಲಿ ಹತ್ತು ಇಳಿದರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲಾಗುತ್ತದೆ. ಮೈನಸ್ 90ರಿಂದ 110ಕ್ಕೆ ಇಳಿಯಿತು ಅಂದರೆ ನೂರರಲ್ಲಿ ಒಂದು ಪಾಲು ಮಾತ್ರ ಉಳಿಯಿತು. ನೋಡಲು ಇಪ್ಪತ್ತೇ ಅಂಕಿ, ವ್ಯತ್ಯಾಸ ಮಾತ್ರ ನೂರು ಪಟ್ಟು.

ಮಾವನ ಸಿಮ್ ಒಂದು ಕಂಪನಿಯದು, ನನ್ನದು ಇನ್ನೊಂದು. ಪಕ್ಕದ ಮನೆಯ ಹುಡುಗನನ್ನು ಕರೆದೆ, ಅವನದು ಮೂರನೆಯದು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಾ ಮೂವರೂ ಜಗಲಿಯಿಂದ ಅಡುಗೆಮನೆಗೆ, ಅಲ್ಲಿಂದ ಕೊಟ್ಟಿಗೆಗೆ ನಡೆದೆವು. ಅತ್ತೆ, "ಎಂತ ಹುಡುಕ್ತಾ ಇದೀರಿ ಮೂರು ಜನ?" ಅಂತ ಹಿಂದೆಯೇ ಬಂದರು. ನನ್ನ ಸಿಮ್ಮಿಗೆ ಎಲ್ಲೂ ಏನೂ ಇಲ್ಲ. ಮಾವನದಕ್ಕೆ ಕಿಟಕಿಯ ಹತ್ತಿರ ಮೈನಸ್ 112, ಅಡುಗೆಮನೆಯಲ್ಲಿ ಸತ್ತೇಹೋಗಿತ್ತು. ಹುಡುಗನ ಸಿಮ್ಮಿಗೆ ಕಿಟಕಿಯಲ್ಲಿ ಮೈನಸ್ 98, ಅಡುಗೆಮನೆಯಲ್ಲಿ 106, ಕೊಟ್ಟಿಗೆಯಲ್ಲಿ 101. ಅವರ ಕಂಪನಿಯ ಹೊಸ ಟವರ್ ತೋಟದ ಆಚೆ ದಿಬ್ಬದ ಮೇಲೆ ಒಂದು ವರ್ಷದ ಹಿಂದೆಯೇ ಎದ್ದಿತ್ತು. ಮಾವನಿಗೆ ಅದು ಕಾಣದೆ ಇರಲಿಲ್ಲ. ಆದರೆ ಊರಿಗೆ ಮೊದಲು ಬಂದ ಟವರಿನ ಸಿಮ್ ಹಾಕಿಸಿಕೊಂಡವರು ಅದನ್ನೇ ಮುಂದುವರಿಸಿದ್ದರು. "ಸೆಟ್ಟೇ ಹಾಳಾಗಿದೆ ಅಂದ್ಕೊಂಡೆ" ಅಂದರು.

"ನನಗೆ ಅವರ ಮಾತು ಚೆನ್ನಾಗಿ ಕೇಳ್ತದೆ, ಅವರಿಗೆ ನಂದು ಕೇಳಲ್ಲ" ಅನ್ನುವುದು ಮಾವನ ಇನ್ನೊಂದು ದೂರಾಗಿತ್ತು. ಇದಕ್ಕೂ ಕಾರಣ ಇದೆ. ಟವರ್ ಹತ್ತಾರು ವ್ಯಾಟಿನಲ್ಲಿ ಕೂಗುತ್ತದೆ. ನಿಮ್ಮ ಕೈಯಲ್ಲಿರುವ 4ಜಿ ಫೋನ್ ಹೆಚ್ಚೆಂದರೆ 0.2 ವ್ಯಾಟಿನಲ್ಲಿ ಉತ್ತರ ಕೊಡಬೇಕು. ದೂರದಿಂದ ಮೈಕಿನಲ್ಲಿ ಕೂಗುವವನಿಗೆ ಬರಿ ಬಾಯಲ್ಲಿ ಓಗೊಟ್ಟ ಹಾಗೆ. ಸಿಗ್ನಲ್ ಕಮ್ಮಿ ಇರುವ ಕಡೆ ಫೋನ್ ತನ್ನ ಶಕ್ತಿಯನ್ನೆಲ್ಲ ಈ ಓಗೊಡುವುದಕ್ಕೇ ಹಾಕುತ್ತದೆ. ಬಿಸಿಯಾಗುತ್ತದೆ, ಚಾರ್ಜ್ ನಿಲ್ಲುವುದಿಲ್ಲ. "ಬ್ಯಾಟರಿ ಹೋಗಿದೆ" ಅಂತ ಹೊಸದು ಹಾಕಿಸುವ ಮುಂಚೆ ಈ ಅಳತೆ ಒಂದು ಸಲ ನೋಡಿ.

ಪಟ್ಟಣದಲ್ಲಿ ತೊಂದರೆಯ ರೂಪ ಬೇರೆ. ಅಲ್ಲಿ ಸಿಗ್ನಲ್ ಇರುತ್ತದೆ, ಆದರೆ ಒಂದೇ ಟವರಿಗೆ ಇಡೀ ಬಡಾವಣೆ ಜೋತುಬಿದ್ದಿರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಸ್ಪೀಡ್ ನೋಡಿ ಖುಷಿಪಡಬೇಡಿ. ರಾತ್ರಿ ಎಂಟೂವರೆಗೆ, ಕ್ರಿಕೆಟ್ ಮ್ಯಾಚ್ ನಡೆಯುವಾಗ ನೋಡಿ. ಮಲೆನಾಡಿನಲ್ಲಿ ಇದರ ಜತೆಗೆ ಇನ್ನೊಂದು ಪರೀಕ್ಷೆ ಇದೆ. ಕರೆಂಟ್ ಹೋದ ಮೇಲೆ ಟವರ್ ಎಷ್ಟು ಹೊತ್ತು ಜೀವ ಹಿಡಿದಿರುತ್ತದೆ? ಬ್ಯಾಟರಿ ಕೆಲವು ಗಂಟೆ ಬರುತ್ತದೆ, ಆಮೇಲೆ ಡೀಸೆಲ್ ಹಾಕುವವರು ಬರಬೇಕು. ಗಾಳಿ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗ ಯಾವ ಸಿಮ್ ಉಸಿರಾಡುತ್ತಿತ್ತು ಅಂತ ಊರವರನ್ನು ಕೇಳಿ. ಹಾಲಿನ ಡೇರಿಯವರಿಗೆ, ಆಟೊದವರಿಗೆ, ಆಶಾ ಕಾರ್ಯಕರ್ತೆಯರಿಗೆ ಇದು ಖಂಡಿತ ಗೊತ್ತಿರುತ್ತದೆ. ಯಾವ ಜಾಹೀರಾತಿನಲ್ಲೂ ಇದು ಸಿಗಲ್ಲ.

ಕಂಪನಿಗಳ ವೆಬ್‌ಸೈಟಿನಲ್ಲಿ ಈಗ ಕವರೇಜ್ ಮ್ಯಾಪ್ ಇರುತ್ತದೆ, ಹಾಕಲೇಬೇಕು ಅಂತ ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್ ನಿಯಮ ಮಾಡಿದೆ. ನೋಡಿ, ಆದರೆ ಮ್ಯಾಪಿಗೆ ನಿಮ್ಮ ಮನೆಯ ಗೋಡೆ ಗೊತ್ತಿಲ್ಲ, ಹಿಂದಿನ ಗುಡ್ಡದ ನೆರಳೂ ಪೂರ್ತಿ ಗೊತ್ತಿರುವುದಿಲ್ಲ. ಮ್ಯಾಪಿನಲ್ಲೇ ಬಣ್ಣ ಇಲ್ಲದಿದ್ದರೆ ಆ ಸಿಮ್ ಬಿಡಿ. ಬಣ್ಣ ಇದ್ದರೆ ನಡೆದು ಅಳೆಯಿರಿ.

ನಾಲ್ಕರಲ್ಲಿ ಒಂದು

ನಮ್ಮಲ್ಲಿ ಉಳಿದಿರುವುದು ನಾಲ್ಕೇ ಕಂಪನಿ. ಜಿಯೋ 2016ರ ಸೆಪ್ಟೆಂಬರಿನಲ್ಲಿ ಬಂತು. ಅದರಲ್ಲಿ 2ಜಿ, 3ಜಿ ಎರಡೂ ಇಲ್ಲ. ಕಾಲ್ ಕೂಡ 4ಜಿ ಅಥವಾ 5ಜಿ ಮೇಲೇ ಹೋಗಬೇಕು. ಹಳೇ ಕೀಪ್ಯಾಡ್ ಸೆಟ್ಟಿಗೆ ಜಿಯೋ ಸಿಮ್ ಹಾಕಿದರೆ ಏನೂ ಆಗುವುದಿಲ್ಲ, 4ಜಿ ಕೀಪ್ಯಾಡ್ ಸೆಟ್ಟೇ ಬೇಕು. ಏರ್‌ಟೆಲ್ 3ಜಿ ನಿಲ್ಲಿಸಿದೆ, 2ಜಿ ಉಳಿಸಿಕೊಂಡಿದೆ, ಹಾಗಾಗಿ ಹಳೇ ಡಬ್ಬಾ ಫೋನ್ ಅದರಲ್ಲಿ ನಡೆಯುತ್ತದೆ. ವೊಡಾಫೋನ್ ಮತ್ತು ಐಡಿಯಾ 2018ರಲ್ಲಿ ಒಂದಾಗಿ, 2020ರಲ್ಲಿ ವಿಐ ಅಂತ ಹೆಸರಿಟ್ಟುಕೊಂಡವು. ಅದರ 5ಜಿ 2025ರಲ್ಲಿ ಮುಂಬೈಯಿಂದ ಶುರುವಾಗಿ ಬೆಂಗಳೂರಿಗೂ ಬಂತು. ಬಿಎಸ್‌ಎನ್‌ಎಲ್ ಬಹಳ ತಡವಾಗಿ, 2025ರ ಸೆಪ್ಟೆಂಬರಿನಲ್ಲಿ ತನ್ನ 4ಜಿಯನ್ನು ದೇಶದಾದ್ಯಂತ ಅಧಿಕೃತವಾಗಿ ಶುರುಮಾಡಿತು. ಇದಕ್ಕೆ ಹಾಕಿದ ಮುಖ್ಯ ಯಂತ್ರಗಳು ನಮ್ಮ ದೇಶದಲ್ಲೇ ಆದವು. ಟವರಿನ ರೇಡಿಯೊ ಉಪಕರಣ ಕೊಟ್ಟದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಹಳೇ ಬಿಎಸ್‌ಎನ್‌ಎಲ್ ಸಿಮ್ ಇಟ್ಟುಕೊಂಡವರು ಅದನ್ನು 4ಜಿ ಸಿಮ್ಮಿಗೆ ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಟವರ್ ಬಂದರೂ ಪ್ರಯೋಜನ ಇಲ್ಲ.

ಯಾವುದು ಒಳ್ಳೆಯದು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಜಯನಗರಕ್ಕೆ ಒಂದು ಉತ್ತರ, ಜೋಯಿಡಾಕ್ಕೆ ಇನ್ನೊಂದು. ನಿಮ್ಮ ಮನೆ, ಕೆಲಸದ ಜಾಗ, ದಿನಾ ಓಡಾಡುವ ದಾರಿ, ಈ ಮೂರು ಕಡೆ ಹಿಡಿಯುವ ಸಿಮ್ಮೇ ನಿಮಗೆ ಒಳ್ಳೆಯ ಸಿಮ್. ಅನುಮಾನ ಇದ್ದರೆ ಒಂದು ಹೊಸ ಪ್ರಿಪೇಯ್ಡ್ ಸಿಮ್ ತಂದು ಎರಡನೇ ಗೂಡಿಗೆ ಹಾಕಿ ಒಂದು ತಿಂಗಳು ಓಡಿಸಿ. ಒಂದು ಕರೆನ್ಸಿಯ ಖರ್ಚು ಅಷ್ಟೇ. ಸರಿಬಂದರೆ ನಿಮ್ಮ ಹಳೇ ನಂಬರನ್ನು ಅಲ್ಲಿಗೆ ಒಯ್ಯಬಹುದು.

ಒಯ್ಯುವುದಕ್ಕೆ ಪೋರ್ಟ್ ಮಾಡಿಸುವುದು ಅನ್ನುತ್ತೇವೆ. 2011ರ ಜನವರಿಯಿಂದ ದೇಶದಾದ್ಯಂತ ಇದೆ. ನಿಮ್ಮ ನಂಬರಿನಿಂದ 1900ಕ್ಕೆ ಒಂದು ಎಸ್‌ಎಂಎಸ್ ಹೋಗಬೇಕು. ಪೋರ್ಟ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಒಂದು ಜಾಗ ಬಿಟ್ಟು, ಹತ್ತು ಅಂಕಿಯ ನಂಬರ್. ಎಂಟು ಅಕ್ಷರದ ಒಂದು ಕೋಡ್ ಬರುತ್ತದೆ, ಅದರ ಆಯುಷ್ಯ ಕರ್ನಾಟಕದಲ್ಲಿ ನಾಲ್ಕು ದಿನ. ಅಷ್ಟರೊಳಗೆ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಸರ್ಕಲ್ ಒಳಗೇ ಆದರೆ ಮೂರು ಕೆಲಸದ ದಿನ, ಬೇರೆ ಸರ್ಕಲ್ಲಿನಿಂದ ಆದರೆ ಐದು. ಹೈದರಾಬಾದಿನಲ್ಲಿ ತೆಗೆದುಕೊಂಡ ನಂಬರನ್ನು ಹುಬ್ಬಳ್ಳಿಗೆ ಬಂದ ಮೇಲೆ ಹಾಗೇ ಬದಲಿಸಿಕೊಳ್ಳಬಹುದು, 2015ರಿಂದ ಅದಕ್ಕೂ ಅವಕಾಶ ಇದೆ.

ಕೋಡ್ ಬರದೆ ಇರುವುದಕ್ಕೆ ಕೆಲವು ಕಾರಣ ಇರುತ್ತವೆ. ಈಗಿನ ಕಂಪನಿಯಲ್ಲಿ 90 ದಿನ ತುಂಬಿರಬೇಕು. ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಇರಬಾರದು. ಕಳೆದ ಏಳು ದಿನದಲ್ಲಿ ಸಿಮ್ ಬದಲಿಸಿದ್ದರೂ ಕೊಡುವುದಿಲ್ಲ. ಕಳ್ಳರು ನಿಮ್ಮ ನಂಬರಿಗೆ ಬೇರೆ ಸಿಮ್ ತೆಗೆದುಕೊಂಡು ತಕ್ಷಣ ಪೋರ್ಟ್ ಮಾಡಿಸಿಕೊಂಡು ಬ್ಯಾಂಕ್ ಖಾಲಿ ಮಾಡುವುದನ್ನು ತಡೆಯಲು 2024ರ ಜುಲೈನಲ್ಲಿ ಬಂದ ನಿಯಮ ಇದು. "ಕರೆನ್ಸಿ ಹಾಕಿಸಿದರೆ ಮಾತ್ರ ಪೋರ್ಟ್ ಮೆಸೇಜ್ ಹೋಗೋದು" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ಯಾಕ್ ಯಾವುದೇ ಇರಲಿ, ಈ ಒಂದು ಎಸ್‌ಎಂಎಸ್ ಹೋಗಲು ಬಿಡಬೇಕು ಅಂತ ಟ್ರಾಯ್ 2021ರಲ್ಲೇ ಹೇಳಿದೆ. ಪೋರ್ಟ್ ಆದ ಮೇಲೆ ಹಳೇ ಬ್ಯಾಲೆನ್ಸ್ ಮಾತ್ರ ಹೋಯಿತು. ಅದಕ್ಕೇ ವರ್ಷದ ಪ್ಯಾಕ್ ಹಾಕಿಸಿದ ಮರುದಿನ ಪೋರ್ಟ್ ಮಾಡಿಸಬೇಡಿ. ನಾನು ಒಮ್ಮೆ ಮಾಡಿದ್ದೇನೆ, ಜಾಸ್ತಿ ವಿವರ ಬೇಡ.

ಪ್ಲಾನುಗಳ ವಿಚಾರಕ್ಕೆ ಬಂದರೆ, ಮೊದಲು ಕಣ್ಣು ಹಾಕಬೇಕಾದ್ದು ದಿನಗಳ ಸಂಖ್ಯೆಗೆ. ತಿಂಗಳು ಅಂತ ಬಾಯಲ್ಲಿ ಹೇಳಿ 28 ದಿನ ಕೊಡುವುದು ವರ್ಷಕ್ಕೊಂದು ಕರೆನ್ಸಿ ಜಾಸ್ತಿ ಹಾಕಿಸುವ ಉಪಾಯ. ಜನ ಗಲಾಟೆ ಮಾಡಿದ ಮೇಲೆ 2022ರಲ್ಲಿ ಟ್ರಾಯ್, ಪ್ರತಿ ಕಂಪನಿಯೂ 30 ದಿನದ ಒಂದು ಪ್ಲಾನನ್ನು, ಪ್ರತಿ ತಿಂಗಳು ಅದೇ ತಾರೀಕಿಗೆ ಬರುವ ಇನ್ನೊಂದನ್ನು ಇಡಲೇಬೇಕು ಅಂತ ಹೇಳಿತು. ಆ್ಯಪಿನಲ್ಲಿ ಕೆಳಗೆಲ್ಲೋ ಅಡಗಿರುತ್ತವೆ, ಹುಡುಕಬೇಕು. ಇನ್ನೊಂದು ಒಳ್ಳೆಯ ನಿಯಮ 2024ರ ಡಿಸೆಂಬರಿನದು. ಇಂಟರ್ನೆಟ್ ಬೇಡದವರಿಗೆ ಬರೀ ಮಾತು, ಎಸ್‌ಎಂಎಸ್ ಇರುವ ಪ್ಯಾಕ್ ಕೊಡಬೇಕು ಅಂತ ಮಾಡಿದರು. 365 ದಿನದವರೆಗಿನ ಪ್ಯಾಕುಗಳಿಗೂ ದಾರಿಯಾಯಿತು. ಅತ್ತೆಯಂಥವರಿಗೆ, ಕೀಪ್ಯಾಡ್ ಸೆಟ್ಟಿನವರಿಗೆ, ಬ್ಯಾಂಕ್ ಓಟಿಪಿಗೆ ಅಂತಲೇ ಇಟ್ಟುಕೊಂಡ ಎರಡನೇ ಸಿಮ್ಮಿಗೆ ಇದು ಸರಿ. ದಿನಾ ಎರಡು ಜಿಬಿ ಕೊಟ್ಟರೆ ಅತ್ತೆ ಅದನ್ನು ಎಂತ ಮಾಡಬೇಕು, ಉಪ್ಪಿನಕಾಯಿ ಹಾಕಬೇಕಾ?

ಈಗ ಫೋನು

ಸಿಮ್ ತೀರ್ಮಾನ ಆದ ಮೇಲೆ ಫೋನ್ ಆರಿಸುವುದು ಅರ್ಧ ಸುಲಭ. ಮೊದಲ ಪ್ರಶ್ನೆ ಕ್ಯಾಮೆರಾದ್ದಲ್ಲ. ಈ ಫೋನ್ ನನ್ನ ಸಿಮ್ಮಿನ ಅಲೆಗಳನ್ನೆಲ್ಲ ಹಿಡಿಯುತ್ತದಾ ಅನ್ನುವುದು. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ಲಿನ ವಿವರ ತೆಗೆದು ನೆಟ್‌ವರ್ಕ್ ಬ್ಯಾಂಡ್ ಅನ್ನುವ ಸಾಲು ನೋಡಿ. ಹಿಂದೆ ಹೇಳಿದ ಒಂದೊಂದು ಅಲೆಗೂ ಒಂದು ಬ್ಯಾಂಡ್ ನಂಬರ್ ಇದೆ. 700 ಮೆಗಾಹರ್ಟ್ಸ್‌ಗೆ ಬ್ಯಾಂಡ್ 28, 850ಕ್ಕೆ 5, 900ಕ್ಕೆ 8, 1800ಕ್ಕೆ 3, 2100ಕ್ಕೆ 1, 2300ಕ್ಕೆ 40. 5ಜಿಯಲ್ಲಿ 3300ಕ್ಕೆ ಎನ್78, 700ಕ್ಕೆ ಎನ್28. ಈಗ ನಮ್ಮ ದೇಶದಲ್ಲಿ ಮಾರುವ ಹೊಸ ಫೋನುಗಳಲ್ಲಿ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ಕೈ ಕೊಡುವುದು ಹಳೆಯವು. ಕೆಲವು ಹಳೇ 4ಜಿ ಫೋನುಗಳಲ್ಲಿ ಬ್ಯಾಂಡ್ 28 ಇಲ್ಲ. ಊರಿಗೆ ಬಿಎಸ್‌ಎನ್‌ಎಲ್‌ನ 700ರ ಟವರ್ ಬಂದರೂ ಆ ಫೋನ್ ಪಾಲಿಗೆ ಅದು ಬಂದೇ ಇಲ್ಲ.

ಹೊರದೇಶದಿಂದ ಬಂದ ಫೋನುಗಳದ್ದೂ ಇದೇ ಗೋಳು. ದುಬೈಯಿಂದ ಬಂದ ಅಣ್ಣ ಕೊಟ್ಟ ಫೋನಿನಲ್ಲಿ ಇಂಟರ್ನೆಟ್ ಬರುತ್ತದೆ, ಕಾಲ್ ಹೋಗಲ್ಲ ಅನ್ನುವುದನ್ನು ಕೇಳಿರುತ್ತೀರಿ. 4ಜಿ ಮೇಲೆ ಮಾತಾಡುವುದಕ್ಕೆ ವೋಲ್ಟಿ ಅನ್ನುತ್ತಾರೆ. ಅದು ಫೋನಿನಲ್ಲಿದ್ದರೆ ಸಾಲದು, ನಮ್ಮ ಕಂಪನಿಗೆ ಹೊಂದುವ ಸೆಟ್ಟಿಂಗ್ ಆ ಮಾಡೆಲ್ಲಿನಲ್ಲಿ ಇರಬೇಕು. ಅಮೆರಿಕದಿಂದ ಬರುವವರಿಗೆ ಇನ್ನೆರಡು ತೊಡಕು. ಅಲ್ಲಿ ಕಂತಿನ ಮೇಲೆ ಕೊಂಡ ಫೋನನ್ನು ಅಲ್ಲಿನ ಕಂಪನಿ ಲಾಕ್ ಮಾಡಿರುತ್ತದೆ, ಬಿಡಿಸಿಕೊಂಡೇ ಬರಬೇಕು. ಐಫೋನ್ 14ರಿಂದ ಈಚೆಗೆ ಅಲ್ಲಿ ಮಾರುವ ಐಫೋನುಗಳಿಗೆ ಸಿಮ್ ಹಾಕುವ ಗೂಡೇ ಇಲ್ಲ, ಫೋನಿನೊಳಗೇ ಕೂರಿಸಿದ ಇ-ಸಿಮ್ ಮಾತ್ರ. ಊರಿನ ಸಿಮ್ ಹಾಕಿಕೊಳ್ಳೋಣ ಅಂತ ಪಿನ್ ಹುಡುಕುತ್ತಾ ಕೂರಬೇಡಿ.

ಎರಡನೆಯದಾಗಿ ನಾನು ನೋಡುವುದು ವೈಫೈ ಕಾಲಿಂಗ್. ಮನೆಗೆ ಫೈಬರ್ ಇಂಟರ್ನೆಟ್ ಬಂದಿದೆ, ಆದರೆ ಮೊಬೈಲ್ ರೇಂಜ್ ಇಲ್ಲ ಅನ್ನುವ ಮನೆಗಳು ಮಲೆನಾಡಿನಲ್ಲಿ ಎಷ್ಟೋ ಇವೆ. ಅಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ನಿಮ್ಮ ಮಾಮೂಲು ನಂಬರಿಗೇ, ಮಾಮೂಲು ಹಾಗೇ ಕಾಲ್ ಬರುತ್ತದೆ. ಟವರಿನ ಬದಲು ರೂಟರ್ ಮೂಲಕ ಬರುತ್ತದೆ, ಅಷ್ಟೇ. ವಾಟ್ಸಾಪ್ ಕಾಲ್ ಅಲ್ಲ ಇದು, ಆ ಕಡೆಯವರಿಗೆ ಇಂಟರ್ನೆಟ್ ಬೇಕಿಲ್ಲ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ ಅದರ ಮರುತಿಂಗಳಲ್ಲಿ ಇದನ್ನು ತಂದವು. ಫೋನಿನಲ್ಲೂ ಈ ಸೌಲಭ್ಯ ಇರಬೇಕು. ಕರೆಂಟ್ ಹೋದರೆ ರೂಟರ್ ಆರುತ್ತದಲ್ಲ, ಅದಕ್ಕೆ ರೂಟರಿಗೆಂದೇ ಚಿಕ್ಕ ಯುಪಿಎಸ್ ಸಿಗುತ್ತದೆ, ತಂದಿಡಿ.

ಉಳಿದದ್ದರಲ್ಲಿ ಮೋಸ ಹೋಗುವ ಜಾಗ ಆ್ಯಪುಗಳನ್ನು ಓಡಿಸುವ ಮೆಮೊರಿ, ಅಂದರೆ ರ‍್ಯಾಮ್. ಡಬ್ಬಿಯ ಮೇಲೆ ದೊಡ್ಡದಾಗಿ 12 ಜಿಬಿ ಅಂತ ಬರೆದಿರುತ್ತಾರೆ, ಕೆಳಗೆ ಇರುವೆ ಸಾಲಿನಷ್ಟು ಚಿಕ್ಕ ಅಕ್ಷರದಲ್ಲಿ 6+6 ಅಂತ. ಅಸಲಿ ರ‍್ಯಾಮ್ ಆರೇ. ಇನ್ನಾರು ಸ್ಟೋರೇಜಿನಿಂದ ಸಾಲ ತಂದದ್ದು, ಅದರ ವೇಗವೂ ಬಹಳ ಕಮ್ಮಿ. ಸ್ಟೋರೇಜ್ 128 ಜಿಬಿಗಿಂತ ಕಮ್ಮಿ ತೆಗೆದುಕೊಳ್ಳಬೇಡಿ. ಫ್ಯಾಮಿಲಿ ಗ್ರೂಪಿನ ಶುಭೋದಯದ ಹೂವುಗಳೇ ಅದರಲ್ಲಿ ಒಂದು ಪಾಲು ತುಂಬಿಸುತ್ತವೆ. ಸ್ಟೋರೇಜ್ ಚಿಪ್ಪಿನಲ್ಲಿ ಎರಡು ಬಗೆ, ಇಎಂಎಂಸಿಯೋ ಯುಎಫ್‌ಎಸ್ಸೋ ಅಂತ ಕೇಳಿ. ಎರಡನೆಯದು ವೇಗದ್ದು, ಎರಡು ವರ್ಷದ ಮೇಲೆ ಫೋನ್ ಹ್ಯಾಂಗ್ ಆಗುವುದು ಬಿಡುವುದು ಇದರ ಮೇಲೂ ನಿಂತಿದೆ.

ಆಮೇಲೆ ಅಪ್‌ಡೇಟ್. ಗೂಗಲ್ ಪಿಕ್ಸೆಲ್ 8, ಸ್ಯಾಮ್‌ಸಂಗ್ ಎಸ್24 ಬಂದಾಗ ಏಳು ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂತ ಹೇಳಿದರು. ಅವು ದುಬಾರಿ ಫೋನುಗಳು. ಹನ್ನೆರಡು ಸಾವಿರದ ಫೋನಿಗೆ ಅಷ್ಟು ಸಿಗುವುದಿಲ್ಲ. ಎಷ್ಟು ವರ್ಷ ಅಂತ ಕೇಳುವಾಗ ಒಂದು ಎಚ್ಚರ. ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದ ಅಲ್ಲ, ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ಎರಡು ವರ್ಷ ಹಳೇ ಮಾಡೆಲ್ಲನ್ನು ಆಫರಿನಲ್ಲಿ ಕೊಂಡರೆ ಅದರ ಆಯುಷ್ಯದಲ್ಲಿ ಎರಡು ವರ್ಷ ಆಗಲೇ ಕಳೆದಿರುತ್ತದೆ. ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕ್ ಆ್ಯಪುಗಳು ಒಂದೊಂದಾಗಿ ಮುಷ್ಕರ ಹೂಡುತ್ತವೆ.

ಕ್ಯಾಮೆರಾ ನಿಮ್ಮ ಕಣ್ಣಿಗೆ ಬಿಟ್ಟದ್ದು, ಅಂಗಡಿಯಲ್ಲಿ ಮಬ್ಬು ಬೆಳಕಿನ ಮೂಲೆ ಹುಡುಕಿ ಒಂದು ಫೋಟೋ ತೆಗೆದು ನೋಡಿ. ಸರ್ವಿಸ್ ಸೆಂಟರ್ ಜಿಲ್ಲಾ ಕೇಂದ್ರದಲ್ಲಾದರೂ ಇರಲಿ. ಮಳೆಯಲ್ಲಿ ಓಡಾಡುವವರು ಐಪಿ ಅಂತ ಬರೆದ ಎರಡು ಅಂಕಿ ನೋಡಬೇಕು, ಅದರಲ್ಲಿ ಎರಡನೆಯದು ನೀರಿಗೆ ಸಂಬಂಧಿಸಿದ್ದು. 54 ಅಂದರೆ ಮಳೆ ಹನಿ ಸಿಡಿದರೆ ತಡೆಯುತ್ತದೆ, 68 ಅಂದರೆ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿದರೂ ತಡೆಯುತ್ತದೆ. ಹಾಗಂತ ನೀರು ಹೋದ ಫೋನಿಗೆ ವಾರಂಟಿ ಸಿಗುತ್ತದೆ ಅಂದುಕೊಳ್ಳಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. *#06# ಒತ್ತಿದರೆ ಆ ಫೋನಿನ ಗುರುತಾದ 15 ಅಂಕಿಯ ಐಎಂಇಐ ನಂಬರ್ ಬರುತ್ತದೆ. ಕೆವೈಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಕಳಿಸಿ. ಕದ್ದದ್ದು ಅಂತ ಬ್ಲಾಕ್ ಆಗಿದ್ದರೆ ಗೊತ್ತಾಗುತ್ತದೆ. ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲೂ ನೋಡಬಹುದು. ನಿಮ್ಮ ಫೋನ್ ಕಳೆದರೆ ಬ್ಲಾಕ್ ಮಾಡಿಸುವುದೂ ಅಲ್ಲೇ, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಓಡುತ್ತಿವೆ ಅಂತ ನೋಡುವುದೂ ಅಲ್ಲೇ. ಒಬ್ಬರ ಹೆಸರಿಗೆ ಒಂಬತ್ತಕ್ಕಿಂತ ಜಾಸ್ತಿ ಇರುವಂತಿಲ್ಲ. ಇನ್ನೊಂದು, ಮಾರುವವನು ನಿಮ್ಮ ಎದುರೇ ತನ್ನ ಗೂಗಲ್ ಅಕೌಂಟ್ ತೆಗೆದು ರಿಸೆಟ್ ಮಾಡಬೇಕು. ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಅವನ ಪಾಸ್‌ವರ್ಡ್ ಕೇಳುತ್ತದೆ, ಅವನು ಫೋನ್ ಎತ್ತಲ್ಲ.

ಮಾವನ ನಂಬರ್ ನಾಲ್ಕನೇ ದಿನಕ್ಕೆ ಪಕ್ಕದ ಮನೆ ಹುಡುಗನ ಕಂಪನಿಗೆ ಪೋರ್ಟ್ ಆಯಿತು. ಅನುಮಾನ ಪರಿಹಾರಕ್ಕೆ ಅದೇ ಸಿಮ್ಮನ್ನು ಹಳೇ "ಹಾಳಾದ" ಸೆಟ್ಟಿಗೂ ಹಾಕಿ ನೋಡಿದೆವು. ಅಡುಗೆಮನೆಯಲ್ಲಿ ನಿಂತು ಮಾತಾಡಿದರೂ ಚೆನ್ನಾಗಿ ಕೇಳಿತು. ನಾನು ಕೊಟ್ಟ ಹದಿನಾರು ಸಾವಿರ ಯಾಕೆ ಬೇಕಿತ್ತು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಳೇ ಸೆಟ್ಟು ಈಗ ಅತ್ತೆಯದು.

ಪ್ಲಾಸ್ಟಿಕ್ ಕವರ್ ಇನ್ನೂ ಕಿಟಕಿಯಲ್ಲೇ ಇದೆ, ಕರೆಂಟ್ ಬಿಲ್ಲು ಇಡುತ್ತಾರೆ. ಮೊನ್ನೆ ಅತ್ತೆ ಫೋನ್ ಮಾಡಿ ನನ್ನ ಮೇಲೆ ರೇಗಿದರು. "ನೀನು ಬಂದು ಎಂತ ಮಾಡಿಟ್ಟು ಹೋದ್ಯೋ ಏನೋ. ನಿಮ್ಮ ಮಾವ ಈಗ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ಮಾತಾಡ್ತಾರೆ. ಅಡಿಕೆ ಕೊಟ್ರಾ, ಇಟ್ಕೊಂಡ್ರಾ, ಒಂದೂ ಗೊತ್ತಾಗೋದಿಲ್ಲ."